ಗಾಳಿಯಲ್ಲಿ ನಿಂತವನು

ಡಿಸ್ಕಿಗೆ ಗೆರೆ ಬಿದ್ದಿದೆ. ನೂರಕ್ಕೆ ಅರವತ್ತಮೂರು ತಲುಪಿ
ಅಲ್ಲೇ ಮುಗ್ಗರಿಸುತ್ತದೆ, ಪ್ರತಿ ಸಲ.
ಹೊರಗೆಳೆದು, ಮಗುವಿನ ಮೂಗು ಒರೆಸಿದ ಹಾಗೆ
ಮೇಣದ ಬಟ್ಟೆಯಿಂದ ಒರೆಸಿ ಮತ್ತೆ ಒಳಗೆ ತಳ್ಳುತ್ತೇನೆ.

ಕೆಮಿಯಾರ್ವಿಯ ಆಚೆ, ಸೂರ್ಯ ರಜೆ ಹಾಕಿ ಹೋದ ಡಿಸೆಂಬರ್.
ಬಾಡಿಗೆ ಹಲಗೆಗಳ ಅಂಗಡಿ. ಅದರ ಹಿಂಕೋಣೆಯಲ್ಲಿ
ಒದ್ದೆ ಕೈಗವಸುಗಳ ವಾಸನೆ, ಮೇಣ ಕರಗಿಸುವ ಇಸ್ತ್ರಿಪೆಟ್ಟಿಗೆ,
ದಪ್ಪ ಬೆನ್ನಿನ ಒಂದು ಟೀವಿ.
ಅದರೊಳಗೆ ಇಪ್ಪತ್ತು ಚಿಲ್ಲರೆ ವರ್ಷದಿಂದ
ಕಿತ್ತಳೆ ಜಾಕೆಟ್ಟಿನ ಒಬ್ಬ ಹುಡುಗ ಲಾಗ ಹಾಕುತ್ತಿದ್ದಾನೆ.

ಇಲ್ಪೊನ ತಕರಾರು ಗುರುತ್ವದ್ದು.
ಹತ್ತೊಂಬತ್ತು ಚಳಿಗಾಲ ಲಿಫ್ಟಿನ ಗುಂಡಿ ಒತ್ತಿದವನು;
ಮೇಲೆ ಹೋದದ್ದು ಕೆಳಗೆ ಬರುವ ಲೆಕ್ಕ ಅವನಿಗೆ ಬಾಯಿಪಾಠ.
"ಇವನು ಹಾರಿ ಇಳಿಯೋದರೊಳಗೆ
ನಾನು ಕಾಫಿ ಕಾಯಿಸಿ, ಕುಡಿದು, ಲೋಟ ತೊಳೆದಿಟ್ಟೆ.
ಸುಳ್ಳಿಗೂ ಒಂದು ತೂಕ ಬೇಡವೇನಯ್ಯ?"
ಹಾಗಂತ ಕಂಟ್ರೋಲರ್ ಬಿಟ್ಟುಕೊಡುವುದಿಲ್ಲ, ಪುಣ್ಯಾತ್ಮ.

ಯೊನ್ನೆಗೆ ಹದಿನೈದು. ಆಟ ಅವನಿಗಿಂತ ಹಿರಿದು.
"ಮುಖ ನೋಡಿ, ಬೇಯಿಸಿದ ಆಲೂಗಡ್ಡೆ."
ಚಪ್ಪಾಳೆ ತಟ್ಟುವ ಜನ ಬರೀ ರಟ್ಟು,
ಪಕ್ಕದಿಂದ ನೋಡಿದರೆ ಒಂದು ಗೀಟು.
ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರಲ್ಲ,
ಇದು ಹತ್ತಿರ ಹೋದರೂ ನುಣ್ಣಗೆ,
ಮೂಗು ತಾಗಿಸಿದರೂ ನುಣ್ಣಗೆ.

ರೈಲಿ ಬರುವುದು ಬೆಳಗಿನ ಜಾವ ನಾಲ್ಕಕ್ಕೆ,
ರಾತ್ರಿಯಿಡೀ ಯಂತ್ರ ಓಡಿಸಿ
ಇಳಿಜಾರಿನ ಹಿಮಕ್ಕೆ ತಲೆ ಬಾಚಿ.
ಅವಳು ಹಾರಿಸುವುದೇ ಇಲ್ಲ. ನಿಧಾನ ಇಳಿಸುತ್ತಾಳೆ, ಅಂಚು ಹಿಡಿದು.
"ಇಲ್ಲಿ ಯಾರೂ ಬಾಚಿಲ್ಲ ಕಣೋ. ಸಾವಿರ ಸಲ ಜಾರಿದರೂ
ಒಂದು ಗೀರು ಬೀಳಲ್ಲ. ಯಾರ ಬೆವರೂ ಕೇಳದ ಬೆಟ್ಟ."
ಮೂರನೆಯ ದಿಬ್ಬದ ಎಡಕ್ಕೆ, ಬೇಲಿ ಮುಗಿಯುವಲ್ಲಿ
ಒಂದು ಬಿರುಕು ಕಂಡುಕೊಂಡಿದ್ದಾಳೆ.
ಹುಡುಗನನ್ನು ಬೇಕೆಂದೇ ಅದರೊಳಗೆ ಬೀಳಿಸುತ್ತಾಳೆ,
ಬೆಟ್ಟದಡಿಗೆ, ತಳವಿಲ್ಲದ ನೀಲಿಗೆ.
ಅಲ್ಲಿಂದ ತಲೆಯೆತ್ತಿದರೆ
ಇಡೀ ಬೆಟ್ಟ ಹಾಲಿನ ಮೇಲಿನ ಕೆನೆ, ಅಷ್ಟೇ ದಪ್ಪ.
ಬಂಡೆಯಿಲ್ಲ, ಬೇರಿಲ್ಲ.
"ಇದೊಂದು ಚೆನ್ನಾಗಿದೆ," ಅನ್ನುತ್ತಾಳೆ ಬೂಟು ಬಿಚ್ಚುತ್ತ.

ಸೈಮಿ ಬಹಳ ದಿನ ಬಾಯಿ ಬಿಡಲಿಲ್ಲ.
ಒಂದು ಕಾಲಕ್ಕೆ ಎದೆಗೆ ನಂಬರು ಕಟ್ಟಿ ಹಾರಿದವಳು.
ಈಗ ಎಡ ಮೊಣಕಾಲಲ್ಲಿ ಎರಡು ತಿರುಪು;
ಮೈನಸ್ ಮೂವತ್ತು ಬರುವುದು
ರೇಡಿಯೋಗಿಂತ ಮೊದಲು ಅವಕ್ಕೆ ಗೊತ್ತು.
ಬಿದ್ದು, ಮೂರೆಣಿಸುವಷ್ಟರಲ್ಲಿ ಹಿಮ ಕೊಡವಿ ಏಳುವ ಹುಡುಗನನ್ನು
ಬಯ್ಯುತ್ತಾಳೆಂದು ಕಾದೆವು.
"ಎಲ್ಲಾ ತಪ್ಪು," ಅಂದಳು, "ಒಂದು ಬಿಟ್ಟು.
ಅಂಚು ಬಿಟ್ಟ ಕೂಡಲೇ ಹಾಡು ನಿಲ್ಲುತ್ತಲ್ಲ, ಬರೀ ಗಾಳಿ...
ಅದು ಹಾಗೇ ಇರುತ್ತೆ. ಅದನ್ನು ಮಾಡಿದವರು
ಒಮ್ಮೆಯಾದರೂ ಹಾರಿದ್ದಾರೆ."

ಶುಕ್ರವಾರ ಅವಳೇ ಆಡುತ್ತಿದ್ದಳು. ಹಾರಿಸಿದ್ದಳು.
ಮೇಣ ಸುಟ್ಟ ವಾಸನೆ ಬಂತೆಂದು ಆಟ ತಡೆದು ಎದ್ದಳು.
ಆಮೇಲೆ ಬಸ್ಸಿನ ಗಡಿಬಿಡಿ, ಬೀಗ, ಹಿಮಗಾಳಿ; ಎರಡು ದಿನ ದಾರಿ ಬಂದ್.
ಸೋಮವಾರ ಬಾಗಿಲು ತೆಗೆದರೆ
ಕತ್ತಲಲ್ಲಿ ಟೀವಿಯೊಂದೇ ಬೆಳಕು,
ಅವನಿನ್ನೂ ಮೇಲೆಯೇ ಇದ್ದಾನೆ,
ತಲೆ ಕೆಳಗೆ, ಒಂದು ಕೈ ಹಲಗೆಯ ಅಂಚಿಗೆ.

ಒಬ್ಬೊಬ್ಬರಾಗಿ ಬಂದರು. ಯಾರೂ ಗುಂಡಿ ಮುಟ್ಟಲಿಲ್ಲ.
ಇಲ್ಪೊ ಕಾಫಿಗಿಟ್ಟ, ತೂಕದ ಮಾತೆತ್ತಲಿಲ್ಲ.
ರೈಲಿ ನನ್ನ ಕಡೆ ತಿರುಗಿ "ನೀನೇನಂತೀಯ?" ಎಂದಳು,
ಇಷ್ಟು ವರ್ಷದಲ್ಲಿ ಮೊದಲ ಸಲ.
ಡಿಸ್ಕು ಬಿಸಿಯಾಗಿರುತ್ತೆ, ಎಂದೆ.
ನನಗೆ ಗೊತ್ತಿದ್ದದ್ದು ಅಷ್ಟು.

ಸೈಮಿ ಎಡಗಾಲು ನೀಡಿ ಕೂತಳು. ಒತ್ತಿದಳು.
ಗಾಳಿ.
ಬಿದ್ದ, ಮುಖ ಮೊದಲಾಗಿ.
ಎದ್ದ.

"ಆಲೂಗಡ್ಡೆ," ಎಂದ ಯೊನ್ನೆ, ಮೆಲ್ಲಗೆ.